ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ನಾನು ನರ್ಸ್. 14 ವರ್ಷದ ಸರ್ವಿಸ್. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಹೇಳುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ನೈಟ್ ಡ್ಯೂಟಿ, 38 ಬೆಡ್, ನಾವಿಬ್ಬರೇ. ಒಬ್ಬ ಅಜ್ಜನಿಗೆ ಊಟಕ್ಕೆ ಮುಂಚೆ 20 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ವಾರ್ಡಿನಲ್ಲಿ ಸ್ಟಾಕ್ ಇರಲಿಲ್ಲ, ಮಗ ಹೊರಗಿನ ಮೆಡಿಕಲ್‌ನಿಂದ ತಂದುಕೊಟ್ಟ. ಕೆಂಪು ಮುಚ್ಚಳದ ಸಿರಿಂಜ್ ತೆಗೆದು 20ರ ಗೆರೆಯವರೆಗೆ ಎಳೆದೆ. ಅಷ್ಟರಲ್ಲಿ ಒಬ್ಬರು, "ಸಿಸ್ಟರ್, ಡ್ರಿಪ್ ಖಾಲಿ." ಇನ್ನೊಬ್ಬರು, "ಸಿಸ್ಟರ್, ಫ್ಯಾನ್ ತಿರುಗ್ತಿಲ್ಲ." ಫ್ಯಾನ್ ರಿಪೇರಿಯೂ ನರ್ಸಿಂಗ್ ಸಿಲಬಸ್‌ನಲ್ಲಿದೆ ಅಂದುಕೊಂಡಿದ್ದಾರೆ ಜನ.

ಅಜ್ಜನ ಹೊಟ್ಟೆಯ ಚರ್ಮ ಹಿಡಿದಿದ್ದೆ. ಹಿಂದಿನಿಂದ ಸೀನಿಯರ್ ಸಿಸ್ಟರ್ ಕೇಳಿದರು, "ಬಾಟ್ಲಿ ಯಾವ್ದಮ್ಮ ಅದು?"

ನೋಡಿದೆ. 100ರದ್ದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಇನ್ಸುಲಿನ್ ಎರಡು ಬಗೆ ಸಿಗುತ್ತದೆ. ಒಂದರಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಇನ್ನೊಂದರಲ್ಲಿ 100 ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳದ್ದು. ಕೆಂಪು ಸಿರಿಂಜ್‌ನಲ್ಲಿ 20ರ ಗೆರೆ ಅಂದರೆ ಅರ್ಧ ಎಂಎಲ್. 100ರ ಬಾಟ್ಲಿಯಿಂದ ಅರ್ಧ ಎಂಎಲ್ ಎಳೆದರೆ 50 ಯೂನಿಟ್. ಎರಡೂವರೆ ಪಟ್ಟು! ಚುಚ್ಚಿಬಿಟ್ಟಿದ್ದರೆ, ರಾತ್ರಿ ಶುಗರ್ ಇಳಿದು ಅಜ್ಜ ಬೆವರಿ ಪ್ರಜ್ಞೆ ತಪ್ಪಿದ್ದರೂ ನಿದ್ದೆ ಮಾಡ್ತಿದ್ದಾರೆ ಅಂತಲೇ ಅಂದುಕೊಳ್ಳುತ್ತಿದ್ದೆವು.

ಸರಿಯಾದ ರೋಗಿ, ಸರಿಯಾದ ಔಷಧಿ, ಡೋಸ್, ಕೊಡುವ ದಾರಿ, ಸಮಯ. ಔಷಧಿ ಕೊಡುವ ಮುಂಚೆ ನೋಡಬೇಕಾದ ಈ ಐದೂ ನನಗೆ ಮಗ್ಗಿಯ ಹಾಗೆ ಬಾಯಿಪಾಠ ಇತ್ತು. ಆವತ್ತು ಅಜ್ಜನನ್ನು ಉಳಿಸಿದ್ದು ಆ ಮಗ್ಗಿ ಅಲ್ಲವೇ ಅಲ್ಲ, ಸೀನಿಯರ್ ಕೇಳಿದ ಆ ಒಂದು ಪ್ರಶ್ನೆ.

ರಿಪೋರ್ಟ್ ಬರೆದೆನಾ? ಇಲ್ಲ. ಬರೆದಿದ್ದರೆ ಬೆಳಿಗ್ಗೆ ಕೈಗೆ ಮೆಮೊ ಬರುತ್ತಿತ್ತು. ಹಾಗಾಗಿ ಎರಡು ಬಣ್ಣದ ಸಿರಿಂಜ್‌ಗಳು ಅದೇ ಟ್ರೇಯಲ್ಲೇ ಉಳಿದವು. ಮುಂದಿನ ಹುಡುಗಿಗೆ ಕಾಯುತ್ತಾ.

ಅಮೆರಿಕದ ಟೆನೆಸ್ಸಿಯಲ್ಲಿ ರಡೋಂಡಾ ವಾಟ್ ಅನ್ನುವ ನರ್ಸ್ 2017ರಲ್ಲಿ, ಸ್ಕ್ಯಾನ್‌ಗೆ ಮುಂಚೆ ಗಾಬರಿ ಕಡಿಮೆ ಮಾಡುವ ವರ್ಸೆಡ್ ಬದಲು ವೆಕ್ಯುರೋನಿಯಂ ಕೊಟ್ಟರು. ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುವ ಔಷಧಿ ಅದು. ರೋಗಿ ತೀರಿಕೊಂಡರು. ಔಷಧಿ ಕಪಾಟಿನ ಕಂಪ್ಯೂಟರ್‌ನಲ್ಲಿ ಅವರು ಟೈಪ್ ಮಾಡಿದ್ದು ಇಂಗ್ಲಿಷಿನ ಮೊದಲ ಎರಡು ಅಕ್ಷರ, VE. ಎರಡೂ ಹೆಸರು ಶುರುವಾಗುವುದು ಅದೇ ಅಕ್ಷರಗಳಿಂದ. ಅವರ ತಪ್ಪು ಚಿಕ್ಕದಲ್ಲ. ಬಾಟ್ಲಿಯ ಮೇಲಿನ ಎಚ್ಚರಿಕೆಯನ್ನೂ ಓದಲಿಲ್ಲ. ಆದರೆ ಗೊತ್ತಾದ ತಕ್ಷಣ ತಾವೇ ಒಪ್ಪಿಕೊಂಡರು. 2022ರಲ್ಲಿ ಕೋರ್ಟು ಕ್ರಿಮಿನಲ್ ಅಪರಾಧಿ ಅಂತ ಹೇಳಿ 3 ವರ್ಷದ ಪ್ರೊಬೇಷನ್, ಅಂದರೆ ಜೈಲಿನ ಬದಲು ಹೊರಗೇ ನಿಗಾದಲ್ಲಿರುವ ಶಿಕ್ಷೆ, ಕೊಟ್ಟಿತು. ಇದನ್ನು ನೋಡಿದ ಮೇಲೆ ಯಾವ ನರ್ಸ್ ಬಾಯಿ ಬಿಡುತ್ತಾರೆ, ಹೇಳಿ?

ರೋಗಿ ಕಡೆಯವರಿಗೂ ಒಂದು ಮಾತು. ಔಷಧಿ ಟ್ರಾಲಿ ಹತ್ತಿರ ಇರುವಾಗ ಫ್ಯಾನ್ ವಿಷಯ ಬೇಡ. ಆದರೆ "ಸಿಸ್ಟರ್, ಇದು 40ರದ್ದಾ, 100ರದ್ದಾ?" ಅಂತ ಧಾರಾಳವಾಗಿ ಕೇಳಿ. ಸಿಟ್ಟು ಮಾಡಿಕೊಳ್ಳುವುದಿಲ್ಲ ಅಂತ ಸುಮ್ನೆ ಮಾತು ಕೊಡಲಾರೆ. 38 ಬೆಡ್ ಇದ್ದರೆ ಸಿಟ್ಟು ಬರುತ್ತದೆ. ಆದರೂ ಕೇಳಿ.