ನಾರ್ವೆ ಬ್ಯಾಸಗಿ ಅಂದ್ರ ನಮ್ಮ ಬ್ಯಾಸಗಿ ಅಲ್ರೀ!

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತ ವೀಸಾ ಕಾಗದಪತ್ರದ ಬಗ್ಗೆ ಮಾತಾಡೂದಿತ್ತು, ಅದನ್ನ ಮುಂದಿನ ವಾರಕ್ಕ ಹಾಕೀನಿ. ಹೋದ ವಿಡಿಯೋದ ಕೆಳಗ ಒಬ್ರು ಬರದಾರ: "ಸರ, ಜುಲೈದಾಗ ನಾರ್ವೆ ಕರಾವಳಿ ಹಡಗಿಗೆ ಹೊಂಟೀವಿ. ಬ್ಯಾಸಗಿ ಐತಿ, ರಾತ್ರಿನೂ ಸೂರ್ಯ ಮುಳುಗೂದಿಲ್ಲ. ಎರಡು ಜೀನ್ಸ್, ಒಂದು ದಪ್ಪ ಜಾಕೆಟ್ ಸಾಕು. ನೀವು ಸುಮ್ನ ಹೆದರಸ್ತೀರಿ." ಅದಕ್ಕ ಮಂದಿ ಲೈಕ್ ಬ್ಯಾರೇ ಒತ್ತ್ಯಾರ!

ಇದನ್ನ ಓದಿ ಸುಮ್ನ ಕೂಡಾಕ ಆಗವಲ್ದು. ಲಕ್ಷಗಟ್ಟಲೆ ರೊಕ್ಕ ಹಾಕಿ ವಿಜಯಪುರದಿಂದ ಅಷ್ಟು ದೂರ ಹೋಗಿ, ತೊಯ್ದ ಜೀನ್ಸ್‌ನ್ಯಾಗ ನಡುಗ್ಕೋತ ಕ್ಯಾಬಿನ್ ಒಳಗ ಕೂಡೂದು ಬ್ಯಾಡ್ರೀ. ಒಂದ ಮಾತು ಹೇಳ್ತೀನಿ, ಬರಕೊಳ್ರಿ: ಗಾಳಿ ಮತ್ತ ಮಳಿ ಎರಡೂ ತಡಿಯೋ ತೆಳ್ಳನ ವಾಟರ್‌ಪ್ರೂಫ್ ಜಾಕೆಟ್. ಬ್ಯಾಗಿನ್ಯಾಗ ಮೊದಲು ಹೋಗಬೇಕಾದ್ದು ಅದು.

ಸೂರ್ಯನ ವಿಚಾರ ಮೊದಲು ಮುಗಸೂಣು. ನಾರ್ವೆದ ಉತ್ತರ ತುದಿ ಕಡೆ ಇರೋ ನಾರ್ತ್ ಕೇಪ್ ಬರೂದು 71 ಡಿಗ್ರಿ ಉತ್ತರ ಅಕ್ಷಾಂಶಕ್ಕ. ಮೇ ನಡುವಿನಿಂದ ಜುಲೈ ಕೊನೀತನಕ ಅಲ್ಲಿ ಸೂರ್ಯ ಮುಳುಗೂದಿಲ್ಲ, ಖರೆ. ಆದ್ರ ಇಡೀ ವರ್ಷದಾಗ ಯಾವತ್ತೂ ಅವ ಆಕಾಶದಾಗ ದಿಗಂತದಿಂದ 43 ಡಿಗ್ರಿ ಎತ್ತರಕ್ಕಿಂತ ಮ್ಯಾಲೆ ಏರೂದಿಲ್ಲ. ನಮ್ಮಲ್ಲಿ ನೆತ್ತಿ ಸುಡ್ತಾನಲ್ಲ, ಆ ಸೂರ್ಯ ಅಲ್ಲ ಅವ. ಬೆಳಕು ಐತಿ, ಕಾವು ಇಲ್ಲ. ಜುಲೈದಾಗ ಹಡಗ ಹತ್ತೋ ಬರ್ಗೆನ್ ಊರಾಗ ಹಗಲಿನ್ಯಾಗ 18 ಡಿಗ್ರಿ ಅಕ್ಕಪಕ್ಕ ಇರ್ತೈತಿ. ಹಡಗ ಉತ್ತರಕ್ಕ ಹೋದಂಗ ಇಳೀತದ. ಉತ್ತರದ ಟ್ರೋಮ್ಸೋ ಊರಾಗ ಸರಾಸರಿ 12, ನಾರ್ತ್ ಕೇಪ್ ಕಡೆ 10ರ ಸುತ್ತ.

"10 ಡಿಗ್ರಿ ಅಂದ್ರ ನಮ್ಮ ಡಿಸೆಂಬರ್ ಬೆಳಗಿನಂಗ ಅಷ್ಟ ಅಲ್ರೀ" ಅಂತೀರಿ. ಹಂಗಾದ್ರ ಡಿಸೆಂಬರ್ ಬೆಳಗನ್ನ ತಗೋರಿ. ನಸುಕಿನ್ಯಾಗ ಬೈಕ್ ಹತ್ತಿ ಇಂಡಿ ಕಡೆ ಹೊಂಟವ್ರು ಅಂಗಿ ಒಳಗ, ಎದಿ ಮ್ಯಾಲೆ ಏನು ಇಟ್ಕೋತಾರ? ಹಳೇ ಪೇಪರ್! ಪೇಪರ್‌ನ್ಯಾಗ ಏನು ಬಿಸಿ ಐತಿ? ಏನೂ ಇಲ್ಲ. ಅದು ಗಾಳಿ ತಡೀತೈತಿ, ಅಷ್ಟ. ಸ್ವೆಟರ್ ಹಾಕಿದ್ರೂ ಅದರ ಹೆಣಿಗಿ ಸಂದಿನ್ಯಾಗಿಂದ ಗಾಳಿ ನುಗ್ಗತೈತಿ. ಪೇಪರ್ ಇಟ್ರ ನಿಲ್ಲತೈತಿ. ಈಗ ಹಡಗಿನ ಲೆಕ್ಕ ಹಚ್ಚರಿ. ಆ ಕರಾವಳಿ ಹಡಗ 15 ನಾಟ್, ಅಂದ್ರ ತಾಸಿಗೆ ಸುಮಾರು 28 ಕಿಲೋಮೀಟರ್ ಓಡತೈತಿ. ನೀವು ಡೆಕ್ ಮ್ಯಾಲೆ ನಿಂತ್ರ ಸಂಜಿತನಕ ಬೈಕ್ ಮ್ಯಾಲೆ ಕುಂತಂಗ. ಎದುರುಗಾಳಿನೂ 20 ಇತ್ತಂದ್ರ ಮೈಗೆ ಬಡಿಯೋದು 48. ಆವಾಗ 10 ಡಿಗ್ರಿ ಇದ್ದದ್ದು ಮೈಗೆ 5-6 ಡಿಗ್ರಿ ಆಗ್ತೈತಿ. ಸ್ವೆಟರ್ ಮ್ಯಾಲೆ ಸ್ವೆಟರ್ ಹಾಕ್ರಿ, ಮೂರು ಹಾಕ್ರಿ, ನಿಲ್ಲೂದಿಲ್ಲ. ಗಾಳಿ ತಡಿಯೋ ಜಾಕೆಟ್ ಬೇಕ್ರೀ!

ಮತ್ತ ಮಳಿ. ನಮ್ಮ ವಿಜಯಪುರಕ್ಕ ವರ್ಷಕ್ಕ ಬೀಳೂದು 600 ಮಿಲಿಮೀಟರ್ ಸುತ್ತ. ಬರ್ಗೆನ್‌ಗೆ 2,000 ದಾಟತೈತಿ. ಹಡಗ ಹತ್ತೋ ಊರಾಗ ಹಿಂಗ! ಅದೂ ನಮ್ಮ ಮುಂಗಾರಿನಂಗ ಧೋ ಅಂತ ಸುರದು ನಿಲ್ಲೋ ಮಳಿ ಅಲ್ಲ. ಸಣ್ಣಗ, ಅಡ್ಡ, ಗಾಳಿ ಕೂಡ ಬರೋ ಮಳಿ. ಛತ್ರಿ ಬಿಚ್ಚಿದ್ರ ಉಲ್ಟಾ ಆಗ್ತೈತಿ.

ಜಾಕೆಟ್ ಹೆಂಗ ನೋಡಿ ತಗೋಬೇಕು? ಅಂಗಡಿಯಾಗ ಮೊದಲು ಅದನ್ನ ಒಳಮೈ ತಿರುವ್ರಿ. ಪ್ರತಿ ಹೊಲಿಗಿ ಮ್ಯಾಲೆ ಬೆರಳಗಲದ ಪಟ್ಟಿ ಅಂಟಿಸಿರಬೇಕು, ಹೆಗಲ ಮ್ಯಾಲೆ, ಕಂಕುಳದಾಗ, ಟೊಪ್ಪಿಗಿ ಕೂಡೋ ಜಾಗದಾಗ, ಎಲ್ಲಾ ಕಡೆ. ಸೂಜಿ ಚುಚ್ಚಿದ ಪ್ರತಿ ತೂತಿನ್ಯಾಗಿಂದ ನೀರು ಇಳೀತೈತಿ, ಆ ಪಟ್ಟಿನ ಅದನ್ನ ಮುಚ್ಚೂದು. ಪಟ್ಟಿ ಇಲ್ಲಂದ್ರ ವಾಪಸ್ ಇಡ್ರಿ. ಲೇಬಲ್ ಮ್ಯಾಲೆ 10,000 ಮಿಲಿಮೀಟರ್ ಅಂತ ಇರಬೇಕು. ಬಟ್ಟಿ ಮ್ಯಾಲೆ 10 ಮೀಟರ್ ಎತ್ತರದ ನೀರು ನಿಂತ್ರೂ ತಡಕೋತೈತಿ ಅಂತ ಅರ್ಥ. ಮುಂಗೈಗೆ ಬಿಗಿ ಮಾಡೋ ಪಟ್ಟಿ, ಟೊಪ್ಪಿಗಿಗೆ ಎಳಿಯೋ ದಾರ, ಹಣಿ ಮುಂದ ಸಣ್ಣ ಅಂಚು ಇರಬೇಕು. ಸ್ವೆಟರ್ ಹಾಕ್ಕೊಂಡ ಟ್ರಯಲ್ ನೋಡ್ರಿ, ಕೈ ಎರಡೂ ಮ್ಯಾಲೆ ಎತ್ತರಿ. ಸೊಂಟ ಕಾಣಾಕತ್ತಿದ್ರ ಒಂದು ಸೈಜ್ ದೊಡ್ಡದು ತಗೋರಿ. ಮನಿಗೆ ತಂದು ನಳದ ಕೆಳಗ ಹೆಗಲ ಭಾಗ ಹತ್ತು ನಿಮಿಷ ಹಿಡೀರಿ, ಒಳಗ ಟಿಶ್ಯೂ ಪೇಪರ್ ಇಟ್ಟು. ಪೇಪರ್ ಒದ್ದಿ ಆತಂದ್ರ ಅಂಗಡಿಗೆ ಹೋಗ್ರಿ. ಮತ್ತ ಅದನ್ನ ಒಗಿಯೂವಾಗ ಅರಬಿ ಮೆತ್ತಗ ಮಾಡೋ ಲಿಕ್ವಿಡ್ ಹಾಕಬ್ಯಾಡ್ರಿ, ಮ್ಯಾಲೆ ನೀರು ಜಾರಸೋ ಲೇಪ ಕೆಡತೈತಿ.

ಜೀನ್ಸ್ ಯಾಕ ಬ್ಯಾಡ? ಹತ್ತಿ ನೀರು ಕುಡೀತೈತಿ, ಮೈಗೆ ಅಂಟತೈತಿ. ಗಾಳಿಗಿಂತ ನೀರು ಮೈಯಾಗಿನ ಕಾವನ್ನ 20 ಪಟ್ಟಿಗಿಂತ ಜಾಸ್ತಿ ಬೇಗ ಎಳಕೋತೈತಿ. ಒಮ್ಮೆ ತೊಯ್ದ ಜೀನ್ಸ್ ಕ್ಯಾಬಿನ್‌ನ್ಯಾಗ ಒಂದ ರಾತ್ರಿಗೆ ಒಣಗೂದಿಲ್ಲ. ನಮ್ಮ ಕುರುಬರು ಮಳ್ಯಾಗ ಕುರಿ ಹಿಂದ ಹೋಗೂವಾಗ ಹತ್ತಿ ಚಾದರ ಹೊತ್ಕೋತಾರೇನು? ಕಂಬಳಿ ಕೊಪ್ಪಿ ಹಾಕ್ಕೋತಾರ. ಉಣ್ಣಿ ಒದ್ದಿ ಆದ್ರೂ ಬೆಚ್ಚಗ ಇಡತೈತಿ. ಅದಕ್ಕ 12 ದಿನದ ಟ್ರಿಪ್ಪಿಗೆ ಮೈಗೆ ಹತ್ತೋದು ಮೆರಿನೋ ಕುರಿಯ ಮೆತ್ತನ ಉಣ್ಣಿದು ಎರಡು ಬನಿಯನ್, ಒಂದು ಒಳಪ್ಯಾಂಟ್. ಅದರ ಮ್ಯಾಲೆ ಒಂದು ಫ್ಲೀಸ್, ಅಂದ್ರ ಮೆತ್ತನ ಬೆಚ್ಚನ ಸಿಂಥೆಟಿಕ್ ಅಂಗಿ. ಎಲ್ಲಾದ್ರ ಮ್ಯಾಲೆ ನಮ್ಮ ಜಾಕೆಟ್. ಬೇಗ ಒಣಗೋ ಪ್ಯಾಂಟ್ ಎರಡು, ಉಣ್ಣಿ ಸಾಕ್ಸ್ ನಾಲ್ಕು ಜೋಡಿ, ಕಿವಿ ಮುಚ್ಚೋ ಟೊಪ್ಪಿಗಿ, ತೆಳ್ಳನ ಕೈಗವಸು. ದಪ್ಪ ಜಾಕೆಟ್ ಯಾಕ ಬ್ಯಾಡಂದ್ರ, ಹಡಗಿನ ಒಳಗ ಬೆಚ್ಚಗ ಇರ್ತೈತಿ. ಅದನ್ನ ಹಾಕ್ಕೊಂಡು ಒಳಗ ಬಂದ್ರ ಬೆವತು, ಬೆವರ ಮೈಲೆ ಹೊರಗ ಹೋಗಿ ಥಂಡಿ ಹಿಡಸ್ಕೋತೀರಿ. ಪದರ ಇದ್ರ ಒಂದೊಂದ ತಗೀಬಹುದು.

"ನಮ್ಮ ಅವ್ವ ಸೀರಿನ ಉಡತಾಳ್ರೀ" ಅಂತ ಭಾಳ ಮಂದಿ ಕೇಳ್ಯಾರ. ಉಡಲಿ! ಹತ್ತಿ ಇಳಕಲ್ ಸೀರಿ ಮನ್ಯಾಗ ಬಿಡ್ರಿ, ಅಂಚು ಒದ್ದಿ ಡೆಕ್ ಮ್ಯಾಲೆ ನೀರು ಹೀರಿ ಭಾರ ಆಗ್ತೈತಿ. ಸಿಂಥೆಟಿಕ್ ಸೀರಿ, ಎರಡು ಬೆರಳು ಮ್ಯಾಲೆ ಎತ್ತಿ ಉಡಸ್ರಿ, ಒಳಗ ಥರ್ಮಲ್ ಲೆಗ್ಗಿಂಗ್ಸ್, ಕಾಲಿಗೆ ಹಿಡಿತ ಇರೋ ಬೂಟು, ತೊಡಿತನಕ ಬರೋ ಉದ್ದನ ವಾಟರ್‌ಪ್ರೂಫ್ ಜಾಕೆಟ್. ನೋಡ್ರಿ, ಅಲ್ಲೂ ಜಾಕೆಟ್ಟ!

ತಿನ್ನೋದ್ರ ಬಗ್ಗೆನೂ ಒಂದ ಮಾತು: ಹಾಲಿನ ಕುಂದಾ ಒಯ್ಯಬ್ಯಾಡ್ರಿ ಅಂತ ಹೋದ ವಾರನ ಹೇಳೀನಿ. ಯುರೋಪಿನ ಹೊರಗಿಂದ ಹಾಲಿನ ಪದಾರ್ಥ, ಮಾಂಸ ನಾರ್ವೆಗೆ ಬಿಡೂದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಒಯ್ರಿ. ಆ ವಿಡಿಯೋ ನೋಡಿಲ್ಲಂದ್ರ ನೋಡ್ರಿ, ಸಬ್‌ಸ್ಕ್ರೈಬ್ ಆಗ್ರಿ.

ಇನ್ನೊಬ್ರು ಅಂತಾರ, "2025ರ ಜುಲೈದಾಗ ಅಲ್ಲಿ 30 ಡಿಗ್ರಿ ದಾಟಿತ್ತಲ್ರೀ?" ದಾಟಿತ್ತು. ಆವಾಗ ಜಾಕೆಟ್ ಮಡಚಿ ಬ್ಯಾಗಿನ್ಯಾಗ ಇಡ್ರಿ, ಮುಷ್ಟಿಯಷ್ಟ ಆಗ್ತೈತಿ! ಅದಕ್ಕ ಹೆದರಿ ಮನ್ಯಾಗ ಬಿಟ್ಟು ಹೋಗೂದೇನು? "ಅಲ್ಲೇ ತಗೋತೀವಿ" ಅನ್ನೋರಿಗೆ: ಅಲ್ಲಿ ರೇಟ್ ಕೇಳಿ ನೋಡ್ರಿ ಒಮ್ಮೆ. ಕೆಲವು ಬಂದರದಾಗ ಹಡಗ ನಿಲ್ಲೂದ 15 ನಿಮಿಷ, ಅಂಗಡಿ ಹುಡುಕ್ಕೋತ ಹ್ವಾದ್ರ ನಿಮಗಾಗಿ ನಿಲ್ಲೂದಿಲ್ಲ. ಜಾಕೆಟ್ ಇಲ್ಲಿಂದನ ಒಯ್ರಿ. ಚೆಕ್-ಇನ್ ಬ್ಯಾಗಿನ್ಯಾಗೂ ಹಾಕಬ್ಯಾಡ್ರಿ, ಬ್ಯಾಗ್ ತಪ್ಪಿದ್ರ ಏನ್ ಮಾಡ್ತೀರಿ? ಕೈಯಾಗ ಹಿಡ್ಕೊಂಡ ವಿಮಾನ ಹತ್ತರಿ. ಜಾಕೆಟ್, ಜಾಕೆಟ್, ಜಾಕೆಟ್! ಎಷ್ಟ ಸಲ ಹೇಳಿಸ್ತೀರಿ ನನ್ನಿಂದ?

ಈಗ ವಿಡಿಯೋ ನಿಲ್ಲಸ್ರಿ, ಕಪಾಟಿನ್ಯಾಗಿನ ಜಾಕೆಟ್ ತಗೀರಿ, ಒಳಮೈ ತಿರುವಿ ಹೆಗಲ ಹೊಲಿಗಿ ಫೋಟೋ ಹೊಡದು ನಮ್ಮ ಟೆಲಿಗ್ರಾಂ ಗ್ರೂಪಿಗೆ ಕಳಸ್ರಿ. ಒಂದೊಂದನ್ನೂ ನೋಡಿ ನಡೀತೈತೋ ಇಲ್ಲೋ ಹೇಳ್ತೀನಿ. ಕಮೆಂಟ್ ಬರದ ಅಣ್ಣಾರ, ಮೊದಲನೇ ಫೋಟೋ ನಿಮ್ದ ಬರಬೇಕು.