ಸಂಪಾಜೆ ಘಾಟಿಗೆ ಯಾವ ಬೈಕು?

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನಿಂದ ಹೊರಟು ಚೆರ್ಕಳ, ಮುಳ್ಳೇರಿಯ, ಆದೂರು ದಾಟಿ, ಜಾಲ್ಸೂರಿನಲ್ಲಿ ಹೆದ್ದಾರಿ ಹಿಡಿದು, ಸುಳ್ಯ, ಸಂಪಾಜೆಯ ಮೂಲಕ ಮಡಿಕೇರಿ ಸೇರಲು ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಕಡಲ ಬದಿಯಿಂದ ಹೊರಟ ಬೈಕು ಕೊನೆಗೆ ಸುಮಾರು 1,150 ಮೀಟರ್ ಎತ್ತರದಲ್ಲಿ ನಿಂತಿರುತ್ತದೆ. ದೂರ ಪ್ರಯಾಣಕ್ಕೆಂದು ಬೈಕು ಕೊಳ್ಳುವ ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯ ದಾರಿ ಬೇಕಿಲ್ಲ. ಉಪ್ಪುಗಾಳಿ, ಕೆಂಪು ಧೂಳು, ಆಟಿ ತಿಂಗಳ ಮಳೆ, ಕಡಿದಾದ ತಿರುವು ಎಲ್ಲವೂ ಇದೊಂದರಲ್ಲೇ ಸಿಗುತ್ತವೆ. ಇಂದು ಬೈಕುಗಳನ್ನು ಈ ದಾರಿಯ ಮೇಲಿಟ್ಟೇ ಹೋಲಿಸೋಣ.

ಶೋರೂಮಿಗೆ ಹೋದವರು ಮೊದಲು ಕೇಳುವುದು, ಎಂಜಿನ್ನಿನ ಗಾತ್ರ ಎಷ್ಟು ಸಿಸಿ, ಶಕ್ತಿ ಎಷ್ಟು ಎಚ್‌ಪಿ ಎಂದು. ಅದರ ಜತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಆ ಶಕ್ತಿ ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಬರುತ್ತದೆ? ಹೋಂಡಾ ಹೈನೆಸ್ ಸಿಬಿ 350 ತೆಗೆದುಕೊಳ್ಳಿ. 348 ಸಿಸಿ, ಸುಮಾರು 21 ಎಚ್‌ಪಿ. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 249 ಸಿಸಿಯದ್ದು, ಆದರೂ 26 ಎಚ್‌ಪಿಗಿಂತ ಮೇಲಿದೆ. ಚಿಕ್ಕ ಎಂಜಿನ್ನಿಗೆ ಹೆಚ್ಚು ಶಕ್ತಿ ಬಂದದ್ದು ಹೇಗೆ? ಎಂಜಿನ್ನು ತಿರುಚುವ ಬಲವನ್ನು ಟಾರ್ಕ್ ಎನ್ನುತ್ತೇವೆ. ಆ ಬಲವನ್ನು ಎಂಜಿನ್ ತಿರುಗುವ ವೇಗದಿಂದ ಗುಣಿಸಿದರೆ ಬರುವುದೇ ಎಚ್‌ಪಿ. ಸಿಬಿ 350 ತನ್ನ 30 ನ್ಯೂಟನ್ ಮೀಟರ್ ಟಾರ್ಕನ್ನು 3,000 ಆರ್‌ಪಿಎಂನಲ್ಲೇ ಕೊಟ್ಟುಬಿಡುತ್ತದೆ. ವಿ-ಸ್ಟ್ರಾಮ್‌ನ 22 ನ್ಯೂಟನ್ ಮೀಟರ್ ಸಿಗಬೇಕಾದರೆ 7,300ರ ವರೆಗೆ ಹೋಗಬೇಕು.

ಇದು ಕಾಗದದ ಲೆಕ್ಕವಷ್ಟೇ ಅಲ್ಲ. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು, ಹಿಂದೆ ಒಬ್ಬರು ಕೂತಿದ್ದಾರೆ, ಎರಡು ಬದಿಗೂ ಚೀಲಗಳಿವೆ, ವೇಗ ಇಪ್ಪತ್ತಕ್ಕೆ ಇಳಿದಿದೆ ಎಂದುಕೊಳ್ಳಿ. ಸಿಬಿ 350 ಆಗಲಿ, 4,000ದಲ್ಲಿ 27 ನ್ಯೂಟನ್ ಮೀಟರ್ ಕೊಡುವ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಆಗಲಿ ಎರಡನೇ ಗೇರಿನಲ್ಲಿ ತಕರಾರಿಲ್ಲದೆ ಎದ್ದು ಹೋಗುತ್ತದೆ. ವಿ-ಸ್ಟ್ರಾಮ್‌ಗೆ ಗೇರ್ ಇಳಿಸಿ ಎಂಜಿನ್ನನ್ನು ಚೆನ್ನಾಗಿ ತಿರುಗಿಸಬೇಕು. ಹಾಗೆ ತಿರುಗಿಸಿದರೆ ಅದೂ ಹಿಂದೆ ಬೀಳುವುದಿಲ್ಲ, ಅದರ ತೂಕ 167 ಕಿಲೋ ಮಾತ್ರ. ಆದರೆ ಸವಾರನಿಗೆ ಆ ಅಭ್ಯಾಸ ಇರಬೇಕು. ಮೂರನೇ ಗೇರಿನಲ್ಲೇ ಉಳಿದು ಅರ್ಧ ಕ್ಲಚ್ ಹಿಡಿದು ಏರಿಸುವವರ ಕ್ಲಚ್ ಪ್ಲೇಟು ಸುಡುತ್ತದೆ. ಘಾಟಿಯಲ್ಲಿ ಸುಟ್ಟ ವಾಸನೆ ಬರುತ್ತಿದ್ದರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ.

ನೇರವಾದ ಅಗಲ ಹೆದ್ದಾರಿಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಗಂಟೆಗೆ ತೊಂಬತ್ತು ಕಿಲೋಮೀಟರ್ ದಾಟಿದ ಮೇಲೆ 350ರ ಬೈಕುಗಳ ಕೈಯಲ್ಲಿ ಉಳಿಕೆ ಶಕ್ತಿ ಕಡಿಮೆ, ಲಾರಿಯನ್ನು ಹಿಂದೆ ಹಾಕಲು ತಡವರಿಸುತ್ತವೆ. ಇಲ್ಲಿ ಬಜಾಜ್ ಡೊಮಿನಾರ್ 400 ಮತ್ತು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಮಾತು ಬರುತ್ತದೆ. ಎರಡೂ ಸುಮಾರು 40 ಎಚ್‌ಪಿ. ಡೊಮಿನಾರ್‌ನ 35 ನ್ಯೂಟನ್ ಮೀಟರ್ 6,500ರಲ್ಲಿ, ಹಿಮಾಲಯನ್‌ನ 40 ನ್ಯೂಟನ್ ಮೀಟರ್ 5,500ರಲ್ಲಿ. ಭಾರ ಹೊತ್ತು ಏರುವಾಗ ಹಿಮಾಲಯನ್ ಒಂದು ಕೈ ಮುಂದು. 17 ಲೀಟರಿನ ಟ್ಯಾಂಕು ಅದರ ಇನ್ನೊಂದು ಅನುಕೂಲ, ಡೊಮಿನಾರ್‌ನದ್ದು 13 ಲೀಟರು. ಎರಡೂ ಲೀಟರಿಗೆ 28 ಕಿಲೋಮೀಟರ್ ಕೊಟ್ಟರೆ ತುಂಬಿದ ಟ್ಯಾಂಕಿನಲ್ಲಿ ಸುಮಾರು 475 ಮತ್ತು 365 ಕಿಲೋಮೀಟರ್ ಆಯಿತು. ಇನ್ನೂ ಚುರುಕು ಬೇಕೆನ್ನುವವರಿಗೆ ಕೆಟಿಎಂ 390 ಅಡ್ವೆಂಚರ್ ಇದೆ. 399 ಸಿಸಿಯ ಮಾದರಿ ಸುಮಾರು 45 ಎಚ್‌ಪಿಯದ್ದು.

ರಾಯಲ್ ಎನ್‌ಫೀಲ್ಡಿನದ್ದೇ ಎರಡು ಸಿಲಿಂಡರಿನ ಇಂಟರ್‌ಸೆಪ್ಟರ್ 650 ಮತ್ತು ಸೂಪರ್ ಮೀಟಿಯರ್ 650 ಒಂದೇ 648 ಸಿಸಿ ಎಂಜಿನ್ನಿನ ಅಕ್ಕತಂಗಿಯರು, 47 ಎಚ್‌ಪಿ, 52 ನ್ಯೂಟನ್ ಮೀಟರ್. ಹೆದ್ದಾರಿಯಲ್ಲಿ ಕೈಗೆ ನಡುಕ ತಾಗದ ಸುಖ ಇವುಗಳಲ್ಲಿದೆ. ಆದರೆ ಸೂಪರ್ ಮೀಟಿಯರ್‌ನ ತೂಕ 241 ಕಿಲೋ. ನಮ್ಮಲ್ಲಿ ಎಷ್ಟೋ ಮನೆಗಳು ರಸ್ತೆಯಿಂದ ಕೆಳಗೆ, ಮುರಕಲ್ಲು ಕಡಿದು ಮಾಡಿದ ಇಳಿಜಾರಿನ ತುದಿಯಲ್ಲಿವೆ. ಮಳೆಗಾಲದಲ್ಲಿ ಅಲ್ಲಿ ಹಾವಸೆ ಕಟ್ಟುತ್ತದೆ. ಅಂಥ ಅಂಗಳದಿಂದ ಈ ಬೈಕನ್ನು ಒಬ್ಬರೇ ಹಿಮ್ಮುಖವಾಗಿ ಎಳೆಯಲು ಆಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಯೋಚಿಸಿ.

ಇನ್ನು ಚೆಂದದ ವಿಷಯ. ಬೈಕಿನ ರೂಪ ಕೂರುವ ಭಂಗಿಯನ್ನೂ ನಿರ್ಧರಿಸುತ್ತದೆ. ಮೀಟಿಯರ್‌ನಂಥ ಕ್ರೂಸರಿನಲ್ಲಿ ಸೀಟು 765 ಮಿಲಿಮೀಟರ್ ಎತ್ತರ, ಕಾಲು ಮುಂದಕ್ಕೆ ಚಾಚಿರುತ್ತದೆ. ನೋಡಲು ಗತ್ತು, ಗಿಡ್ಡ ಇರುವವರಿಗೆ ಧೈರ್ಯ. ಆದರೆ ಹೊಂಡಕ್ಕೆ ಬಿದ್ದಾಗ ಕಾಲ ಮೇಲೆ ಎದ್ದು ನಿಲ್ಲಲು ಬರುವುದಿಲ್ಲ, ಏಟು ನೇರ ಬೆನ್ನೆಲುಬಿನ ಬುಡಕ್ಕೆ. ಹಿಮಾಲಯನ್‌ನ ಸೀಟು 825, ವಿ-ಸ್ಟ್ರಾಮ್‌ನದ್ದು 835. ಪಾದದ ಮೇಲೆ ನಿಂತು ಹೊಂಡ ದಾಟಿಸಬಹುದು, ನಿಲ್ಲಿಸಿದಾಗ ಮಾತ್ರ ಕುಳ್ಳಗಿನವರಿಗೆ ತುದಿಬೆರಳೇ ಗತಿ. ಕ್ರೋಮ್ ಹೊಳಪು ಇಷ್ಟಪಡುವವರು ಉಪ್ಪಳ, ಕುಂಬಳೆ, ಬೇಕಲದಂಥ ಉಪ್ಪುಗಾಳಿಯ ಕಡಲ ಬದಿಯಲ್ಲಿ ವಾಸವಿದ್ದರೆ ಮ್ಯಾಟ್ ಕಪ್ಪು ಬಣ್ಣದ ಸೈಲೆನ್ಸರ್ ಇರುವ ಮಾದರಿ ನೋಡುವುದು ವಾಸಿ.

ಬಾಳಿಕೆಯ ಮಾತು ಬಂದಾಗ ಕಂಪನಿಯ ಹೆಸರಿಗಿಂತ ಹೆಚ್ಚು ಗಮನ ಬೇಡುವುದು ನಮ್ಮ ಹವೆ. ಉಪ್ಪುಗಾಳಿ ಮೊದಲು ಹಿಡಿಯುವುದು ಮುಂಚಕ್ರ ಹಿಡಿದಿರುವ ಫೋರ್ಕಿನ ಹೊಳೆಯುವ ಕೊಳವೆಯನ್ನು. ಅದರ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕಿನ ಚುಕ್ಕೆ ಬಿದ್ದರೆ ಸಾಕು, ಫೋರ್ಕ್ ಮೇಲೆ ಕೆಳಗೆ ಹೋದಂತೆಲ್ಲ ಅದು ರಬ್ಬರ್ ಸೀಲನ್ನು ಕೊರೆಯುತ್ತದೆ. ಎಣ್ಣೆ ಸೋರಿ ಬ್ರೇಕಿನ ಡಿಸ್ಕಿಗೆ ಹರಿದರೆ ಮುಂದಿನ ಬ್ರೇಕೇ ಇಲ್ಲದಂತಾಗುತ್ತದೆ. ಕಡಲತೀರಕ್ಕೆ ಹೋಗಿ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು, ಆ ಕೊಳವೆಯನ್ನು ಒಣಬಟ್ಟೆಯಿಂದ ಒರೆಸಿ. ಒತ್ತಡದ ನೀರಿನ ಪೈಪನ್ನು ಚಕ್ರದ ಬೇರಿಂಗಿಗೂ ಚೈನಿಗೂ ಹತ್ತಿರ ಹಿಡಿಯಬೇಡಿ, ಒಳಗಿನ ಗ್ರೀಸು ಕೊಚ್ಚಿಹೋಗುತ್ತದೆ.

ಚೈನಿನ ಬಿಗಿ ಹೆಚ್ಚಿನವರು ತಪ್ಪುವ ಜಾಗ. ಎಷ್ಟು ಸಡಿಲ ಇರಬೇಕೆಂದು ಕೈಪಿಡಿಯಲ್ಲಿದೆ, ಎಷ್ಟೋ ಬೈಕುಗಳಲ್ಲಿ ಹಿಂಚಕ್ರ ಹಿಡಿದಿರುವ ತೋಳಿನ ಮೇಲಿನ ಚೀಟಿಯಲ್ಲೂ ಇರುತ್ತದೆ. ಕೆಳಗಿನ ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಅಳೆಯಿರಿ. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ, ಅತಿ ಬಿಗಿ ಇರುವಲ್ಲಿನ ಅಳತೆಯನ್ನೇ ಹಿಡಿಯಿರಿ. ಸಡಿಲವಾದರೆ ಸದ್ದು ಬರುತ್ತದೆಂದು ಹಲವರು ಬಿಗಿ ಮಾಡಿಸಿಬಿಡುತ್ತಾರೆ. ಹಿಂದೆ ಒಬ್ಬರು ಕೂತು ಸಾಮಾನು ಏರಿದಾಗ ಸಸ್ಪೆನ್ಷನ್ ಕುಗ್ಗಿ ಚೈನು ಇನ್ನಷ್ಟು ಬಿಗಿಯಾಗುತ್ತದೆ, ಆಗ ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು. ಸುಮಾರು 500 ಕಿಲೋಮೀಟರಿಗೊಮ್ಮೆ ಚೈನ್ ಲ್ಯೂಬ್ ಹಾಕಿ, ಮಳೆಯಲ್ಲಿ ಓಡಿಸಿದ್ದರೆ ಆ ಸಂಜೆಯೇ. ಸುತ್ತಾಟ ಮುಗಿದು ಚೈನು ಬೆಚ್ಚಗಿರುವಾಗ ಹಾಕಿದರೆ ಒಳಗಿಳಿಯುತ್ತದೆ. ಎಂಜಿನ್ ಆಫ್ ಇರಲಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ.

ಹೆದ್ದಾರಿ ಕೆಲಸದ ಕೆಂಪು ಧೂಳಿನಲ್ಲಿ ದಿನವೂ ಓಡಾಡುವವರು ಏರ್ ಫಿಲ್ಟರನ್ನು ಕೈಪಿಡಿ ಹೇಳಿದ್ದಕ್ಕಿಂತ ಬೇಗ ತೆಗೆದು ನೋಡಬೇಕು. ಪಿಕಪ್ ಕಡಿಮೆಯಾಗಿ ಮೈಲೇಜು ಇಳಿದರೆ ಮೊದಲು ಅದನ್ನೇ ನೋಡಿ. ನೀರಿನಿಂದ ತಂಪಾಗುವ ಹಿಮಾಲಯನ್ 450, ಡೊಮಿನಾರ್, ಕೆಟಿಎಂಗಳಲ್ಲಿ ರೇಡಿಯೇಟರಿನ ಜಾಲರಿಗೂ ಕೆಸರು ಮೆತ್ತುತ್ತದೆ. ಅವುಗಳಲ್ಲಿ ಕೂಲೆಂಟ್ ಪೈಪು, ಫ್ಯಾನು ಎಂದು ಕೆಡಬಹುದಾದ ಭಾಗಗಳೂ ಹೆಚ್ಚು. ಗಾಳಿಯಲ್ಲೇ ತಂಪಾಗುವ 350ರ ಎಂಜಿನ್ನುಗಳ ಸರಳತೆಗೆ ಈ ಕಾರಣಕ್ಕೇ ನನ್ನ ಮತ.

ಪಂಚರ್ ವಿಷಯ ಕೊನೆಗೆ ನೆನಪಾಗುವುದು, ಮೊದಲೇ ನೋಡಬೇಕಾದದ್ದು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟಯರಿಗೆ ಮೊಳೆ ಚುಚ್ಚಿದರೆ ತೂತಿಗೆ ತುರುಕುವ ಅಂಟುಬತ್ತಿಯ ಕಿಟ್ಟು, ಸಣ್ಣ ಪಂಪು ಇದ್ದರೆ ದಾರಿಯಲ್ಲೇ ಹತ್ತು ನಿಮಿಷದ ಕೆಲಸ. ಟ್ಯೂಬ್ ಇರುವ ಸ್ಪೋಕ್ ಚಕ್ರವಾದರೆ ಚಕ್ರವನ್ನೇ ಬಿಚ್ಚಬೇಕು. ಸಂಪಾಜೆಯಿಂದ ಮೇಲೆ ರಾತ್ರಿ ಮಳೆಯಲ್ಲಿ ಅದು ಆಗದ ಮಾತು. ಹಿಮಾಲಯನ್ 450ಕ್ಕೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಆಮೇಲೆ ಬಂತು. ಕೊಳ್ಳುವವರು ಅದನ್ನೇ ಕೇಳಿ ಪಡೆಯಿರಿ.

ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಅದರ ದ್ರವ ಕಾಯುತ್ತದೆ. ಅದು ಹಳೆಯದಾಗಿ ತೇವ ಹೀರಿಕೊಂಡಿದ್ದರೆ ಕುದಿದು, ಲಿವರು ಸ್ಪಂಜಿನಂತೆ ಒಳಕ್ಕೆ ಹೋಗುತ್ತದೆ. ನಮ್ಮ ಮಳೆಗೆ ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಹೊರಡುವ ಮುಂಚೆ ಒಂದು ಹೊಸ ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಟ್ಟು, ಹಳೆಯದರ ಪಕ್ಕದಲ್ಲೇ, ಹ್ಯಾಂಡಲ್ ತಿರುಗಲು ಅಡ್ಡಿಯಾಗದಂತೆ ಕಟ್ಟಿಡಿ. ಎರಡು ತುದಿಗೂ ಪ್ಲಾಸ್ಟಿಕ್ ಸುತ್ತಿ, ನೀರಿಳಿಯದಿರಲಿ. ಹಳೆಯದು ದಾರಿಯಲ್ಲಿ ಕಡಿದರೆ ಎರಡು ತುದಿ ಬದಲಿಸಿ ಸಿಕ್ಕಿಸಿದರಾಯಿತು, ಟ್ಯಾಂಕು ಬಿಚ್ಚುವ ಕೆಲಸವಿಲ್ಲ.

ನಮಸ್ಕಾರ.