ಫಾದರಿಂಗೇ ಕೋಟೆಯ ದಿಬ್ಬ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್‌ನಲ್ಲಿ, ನೆನ್ ನದಿಯ ದಂಡೆಯ ಮೇಲೆ ಫಾದರಿಂಗೇ ಎಂಬ ಸಣ್ಣ ಊರಿದೆ. ಅಲ್ಲಿಯ ಕೋಟೆ ನೋಡಲೆಂದು ಹೋದವರಿಗೆ ಕೋಟೆಯೇ ಸಿಗುವುದಿಲ್ಲ. ಹುಲ್ಲು ಬೆಳೆದ ಮಣ್ಣಿನ ದಿಬ್ಬ, ಸುತ್ತ ಕಂದಕದ ಗುರುತು, ಹೊಳೆಯ ಬದಿಗೆ ಕಬ್ಬಿಣದ ಬೇಲಿಯೊಳಗೆ ಗಾರೆ ಹಿಡಿದುಕೊಂಡ ಕಲ್ಲಿನ ಒಂದು ತುಂಡು. ಅಷ್ಟೇ.

ನಾರ್ಮನ್ನರ ಕಾಲದಲ್ಲಿ, ಸುಮಾರು 1100ರಲ್ಲಿ ಎದ್ದ ಕೋಟೆ ಇದು. ಮುಂದೆ ಯಾರ್ಕ್ ಮನೆತನದವರ ನೆಲೆಯಾಯಿತು. ದೊರೆ ಮೂರನೆಯ ರಿಚರ್ಡ್ 1452ರಲ್ಲಿ ಹುಟ್ಟಿದ್ದು ಇಲ್ಲಿಯೇ. ಆದರೆ ಈ ಊರಿನ ಹೆಸರು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಸ್ಕಾಟ್ಲೆಂಡಿನ ರಾಣಿ ಮೇರಿ.

ಮೇರಿ 1568ರಲ್ಲಿ ತನ್ನ ಬಂಧು ಎಲಿಜಬೆತ್ ರಾಣಿಯ ಆಸರೆ ನಂಬಿ ಗಡಿ ದಾಟಿ ಬಂದಳು. ಸಿಕ್ಕಿದ್ದು ಸೆರೆ. ಒಂದು ಕೋಟೆಯಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಹದಿನೆಂಟು ವರ್ಷಕ್ಕೂ ಮೇಲೆ ಕಳೆಯಿತು. ಎಲಿಜಬೆತ್ತಳ ಕೊಲೆಯ ಸಂಚಿನಲ್ಲಿ ಸೇರಿದ್ದಾಳೆಂದು 1586ರ ಅಕ್ಟೋಬರಿನಲ್ಲಿ ಇಲ್ಲಿ ವಿಚಾರಣೆ ನಡೆಯಿತು. ಅವಳ ಪರ ಮಾತಾಡಲು ಒಬ್ಬ ವಕೀಲನನ್ನೂ ಕೊಡಲಿಲ್ಲ.

1587ರ ಫೆಬ್ರವರಿ 8. ನಡುರಾತ್ರಿ ಕಳೆದ ಮೇಲೂ ಎಚ್ಚರವಿದ್ದು, ಫ್ರಾನ್ಸಿನ ದೊರೆಯಾಗಿದ್ದ ಮೈದುನನಿಗೆ ಅವಳು ಕೊನೆಯ ಕಾಗದ ಬರೆದಳು. ತನ್ನ ಆಳುಗಳ ಸಂಬಳ ಕೊಡಿಸಬೇಕೆಂಬ ಕೋರಿಕೆಯೂ ಅದರಲ್ಲಿದೆ. ಬೆಳಗ್ಗೆ ಕೋಟೆಯ ದೊಡ್ಡ ಸಭಾಂಗಣದಲ್ಲಿ ಕಪ್ಪು ಬಟ್ಟೆ ಹೊದಿಸಿದ ಕಟ್ಟೆ. ಕೊಡಲಿಯ ಮೊದಲ ಏಟು ಗುರಿ ತಪ್ಪಿತು. ಎಲ್ಲ ಮುಗಿದ ಮೇಲೆ ಅವಳ ಲಂಗದೊಳಗೆ ಅಡಗಿದ್ದ ಪುಟ್ಟ ನಾಯಿಯೊಂದು ಹೊರಬಂದು, ಒಡತಿಯನ್ನು ಬಿಟ್ಟು ಕದಲಲಿಲ್ಲವೆಂದು ಕಣ್ಣಾರೆ ಕಂಡವರು ಬರೆದಿಟ್ಟಿದ್ದಾರೆ. ಅವಳಿಗೆ ಆಗ 44 ವರ್ಷ.

ಮುಂದೆ ಅವಳ ಮಗ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ದೊರೆಯಾದ. ತಾಯಿಯ ನೆತ್ತರು ಬಿದ್ದ ಕೋಟೆಯನ್ನು ಅವನೇ ಸೇಡಿನಿಂದ ಕೆಡವಿಸಿದ ಎಂಬ ಮಾತು ಬಹುಕಾಲದಿಂದ ಇದೆ. ಅದು ನಿಜವಲ್ಲ. ಜೇಮ್ಸ್ 1625ರಲ್ಲಿ ತೀರಿಕೊಂಡಾಗಲೂ ಕೋಟೆ ನಿಂತೇ ಇತ್ತು. ತಾಯಿ ಅವನನ್ನು ಕೊನೆಯ ಸಲ ನೋಡಿದ್ದು ಅವನು ಹತ್ತು ತಿಂಗಳ ಕೂಸಾಗಿದ್ದಾಗ. ಅವಳ ಸಾವಿಗೆ ಅವನು ಆಕ್ಷೇಪಿಸಿದ, ಆದರೆ ಎಲಿಜಬೆತ್ತಳ ಸ್ನೇಹ ಬಿಡಲಿಲ್ಲ. 1612ರಲ್ಲಿ ತಾಯಿಯ ದೇಹವನ್ನು ಪೀಟರ್‌ಬರೊದಿಂದ ತರಿಸಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣು ಮಾಡಿಸಿದ. ಅಷ್ಟು ಮಾತ್ರ ಅವನಿಂದಾಯಿತು. ಹೆತ್ತವಳಿಗಾಗಿ ಮಗ ಇನ್ನೂ ಏನಾದರೂ ಮಾಡಿರಬೇಕಿತ್ತು ಎಂಬ ಜನರ ಹಂಬಲವೇ ಆ ಸೇಡಿನ ಕಥೆ ಕಟ್ಟಿತೆಂದು ನನಗೆ ಅನ್ನಿಸುತ್ತದೆ.

ಕೋಟೆಯನ್ನು ಮುಗಿಸಿದ್ದು ಅಲಕ್ಷ್ಯ. ನೋಡಿಕೊಳ್ಳುವವರಿಲ್ಲದೆ ಹಾಳಾಗಿ, ಕಲ್ಲುಗಳು ಬೇರೆ ಕಟ್ಟಡಗಳಿಗೆ ಹೋದವು. ಹತ್ತಿರದ ಔಂಡಲ್ ಪೇಟೆಯ ಟಾಲ್ಬಟ್ ಎಂಬ ಹಳೆಯ ಹೋಟೆಲಿನಲ್ಲಿ ಒಂದು ಮರದ ಮೆಟ್ಟಿಲುಸಾಲಿದೆ. ಮೇರಿ ಕೊನೆಯ ಬೆಳಗ್ಗೆ ಇಳಿದದ್ದು ಇದನ್ನೇ ಎನ್ನುತ್ತಾರೆ.

ಬೇಸಿಗೆಯಲ್ಲಿ ಆ ದಿಬ್ಬದ ಮೇಲೆ ಥಿಸಲ್ ಎಂಬ ಮುಳ್ಳುಗಿಡ ನೇರಳೆ ಹೂ ಬಿಡುತ್ತದೆ. ಅದು ಸ್ಕಾಟ್ಲೆಂಡಿನ ಲಾಂಛನ. ಮೇರಿಯೇ ನೆಟ್ಟದ್ದೆಂದು ಹೇಳುವ ಜನ ಅದಕ್ಕೆ ಇಟ್ಟ ಹೆಸರು, ‘ಮೇರಿ ರಾಣಿಯ ಕಣ್ಣೀರು’.

ನಮಸ್ಕಾರ.